'ರೋಮಾನ್ಸ್' ಶಬ್ದದ ನಾನಾರ್ಥಗಳೂ ಕುಮಾರರಾಮನ ಕಥೆಯೂ

1

ಪಾಶ್ಚಾತ್ಯ ಸಾಹಿತ್ಯವಿಮರ್ಶೆಯಿಂದ ನಮ್ಮಲ್ಲಿಗೆ ಬಂದ ಶಬ್ದಗಳಲ್ಲಿ 'ರೋಮಾನ್ಸ್' ಎಂಬುದರಷ್ಟು ನಾನಾರ್ಥಗಳನ್ನು ಹೊತ್ತುಕೊಂಡಿರುವ ಶಬ್ದ ವಿರಳ. ಅದನ್ನು ಒಬ್ಬರು 'ಪ್ರಣಯಕಥೆ' ಎಂದು ಕನ್ನಡಿಸುವರು. ಒಬ್ಬರು 'ಅದ್ಭುತಕಥೆ' ಎನ್ನುವರು. ಇನ್ನೊಬ್ಬರು 'ರಮ್ಯಕಥೆ' ಎನ್ನುವರು. ಭಾಷಾಶಾಸ್ತ್ರಜ್ಞರಾದರೋ ಫ್ರೆಂಚು, ಸ್ಪ್ಯಾನಿಷು, ಇಟಾಲಿಯನ್ನು ಮೊದಲಾದ ಭಾಷೆಗಳ ಕುಲಕ್ಕೆ ಇದೇ ಹೆಸರನ್ನಿಟ್ಟು ಕರೆಯುವರು. ಹೀಗೆ ಒಂದೇ ಶಬ್ದವು ಭಾಷೆಯನ್ನೂ ಕಥೆಯನ್ನೂ ಅದ್ಭುತವನ್ನೂ ಅನುರಾಗವನ್ನೂ ಹೇಳುತ್ತಿರುವುದು.

ಶಬ್ದವೊಂದಕ್ಕೆ ಅನೇಕಾರ್ಥಗಳಿರುವುದು ದೋಷವಲ್ಲ. 'ಹರಿ' ಎಂದರೆ ವಿಷ್ಣು, ಇಂದ್ರ, ಸೂರ್ಯ, ಸಿಂಹ, ಕುದುರೆ, ಕಪಿ, ಗಿಣಿ, ಹಾವು, ಕಪ್ಪೆ ಎಂದು ಅಮರಸಿಂಹನು ನಾನಾರ್ಥವರ್ಗದಲ್ಲಿ ಎಣಿಸಿರುವನು. ಹಾಗಿದ್ದರೂ ಶಂಖಚಕ್ರಗಳುಳ್ಳ ಹರಿ ಎಂದಾಗ ಯಾರಿಗೂ ಕಪ್ಪೆ ನೆನಪಾಗದು. ಸಂಯೋಗ, ವಿಪ್ರಯೋಗ, ಸಾಹಚರ್ಯ, ಪ್ರಕರಣ ಮೊದಲಾದವುಗಳಿಂದ ಅನೇಕಾರ್ಥಶಬ್ದದ ಅರ್ಥವು ನಿಯತವಾಗುವುದೆಂದು ಭರ್ತೃಹರಿಯು ವಾಕ್ಯಪದೀಯದಲ್ಲಿ ತಿಳಿಸಿರುವನು. ಪ್ರಕರಣವನ್ನು ನೋಡದೆ ಅರ್ಥವನ್ನು ಹಚ್ಚಿದಾಗ ಮಾತ್ರ ಅನರ್ಥವುಂಟಾಗುವುದು.

ಅಂತಹ ಅನರ್ಥವೊಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ನಮ್ಮ ಸೀಮೆಯ ಕಥೆಯೊಂದಕ್ಕೆ ಒದಗಿರುವುದು. ಗಂಗಾವತಿ ತಾಲೂಕಿನ ಕುಮ್ಮಟದುರ್ಗದಲ್ಲಿ ಮೆರೆದ ಕುಮಾರರಾಮನ ಚರಿತೆಯನ್ನು 'ರೋಮಾನ್ಸ್' ಎಂದು ಕರೆಯುವ ವಾಡಿಕೆಯುಂಟು. ಹಾಗೆ ಕರೆದುದನ್ನು ಕೇಳಿ ಕೆಲವರು, ಅದು ರಾಮನಿಗೂ ರತ್ನಾಜಿಗೂ ಸಂಬಂಧಿಸಿದ ಪ್ರಣಯಕಥೆಯೆಂದು ತಿಳಿಯುವರು; ಮತ್ತೆ ಕೆಲವರು, ರೋಮಾನ್ಸ್ ಎಂದಮೇಲೆ ಅದು ಬರಿಯ ಕಟ್ಟುಕಥೆ, ಚರಿತ್ರಕಾರನಿಗೆ ಅದರಿಂದ ಏನೂ ಆಗಬೇಕಾದುದಿಲ್ಲವೆಂದು ಬದಿಗಿಡುವರು. ಈ ಎರಡು ತಿಳಿವಳಿಕೆಗಳೂ ತಪ್ಪೆಂಬುದನ್ನೂ, ಎರಡೂ ಒಂದೇ ಶಬ್ದದ ಅರ್ಥಸಂಕರದಿಂದ ಹುಟ್ಟಿದವೆಂಬುದನ್ನೂ ತೋರಿಸುವುದೇ ಈ ಲೇಖನದ ಉದ್ದೇಶ.

2

ಮೊದಲು ಶಬ್ದದ ಇತಿಹಾಸವನ್ನು ನೋಡೋಣ. ಇದರ ಮೂಲವು ರೋಮ್ ನಗರದ ಹೆಸರು. ಲ್ಯಾಟಿನ್ ಭಾಷೆಯಲ್ಲಿ 'ರೊಮಾನಿಕೆ' ಎಂದರೆ 'ರೋಮನರ ರೀತಿಯಲ್ಲಿ' ಎಂದು ಅರ್ಥ. ಪಂಡಿತರ ಲ್ಯಾಟಿನ್ನು ಗ್ರಂಥಗಳಲ್ಲಿ ನಿಂತಿತು. ಜನರ ಬಾಯಲ್ಲಿ ಅದೇ ಭಾಷೆಯು ಸವೆದು, ಬೆಳೆದು, ಬೇರೆಯೇ ಆಯಿತು. ಆ ಆಡುನುಡಿಯಲ್ಲಿ ಮಾತನಾಡುವುದನ್ನು ಈ ಅವ್ಯಯದಿಂದ ಸೂಚಿಸಿದರು. ಅದು ಹಳೆಯ ಫ್ರೆಂಚಿನಲ್ಲಿ 'ರೊಮಾನ್ಜ್' ಎಂದಾಯಿತು. ಆದುದರಿಂದ ಈ ಶಬ್ದದ ಮೊದಲನೆಯ ಅರ್ಥವು 'ದೇಶಭಾಷೆ' ಎಂಬುದೇ ಹೊರತು ಕಥೆಯೂ ಅಲ್ಲ, ಪ್ರಣಯವೂ ಅಲ್ಲ.

ಕ್ರಿ. ಶ. 813ರಲ್ಲಿ ಫ್ರಾನ್ಸಿನ ಟೂರ್ಸ್ ಪಟ್ಟಣದಲ್ಲಿ ಸೇರಿದ ಕ್ರೈಸ್ತ ಧರ್ಮಾಧಿಕಾರಿಗಳ ಸಭೆಯು, ಉಪದೇಶಗಳನ್ನು ಎಲ್ಲರಿಗೂ ತಿಳಿಯುವಂತೆ ಹಳ್ಳಿಗರ ರೋಮನ್ ನುಡಿಯಲ್ಲಾಗಲಿ ಜರ್ಮನ್ ನುಡಿಯಲ್ಲಾಗಲಿ ಹೇಳಬೇಕೆಂದು ವಿಧಿಸಿತು. 842ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಅರಸುಮಕ್ಕಳು ಮಾಡಿದ ಪ್ರತಿಜ್ಞೆಗಳಲ್ಲಿ ಈ ನುಡಿಯು ಮೊದಲಬಾರಿಗೆ ಬರಹದಲ್ಲಿ ಕಾಣಿಸಿಕೊಂಡಿತು. ಆಮೇಲೆ ಲ್ಯಾಟಿನ್ ಗ್ರಂಥಗಳನ್ನು ಈ ಭಾಷೆಗೆ ತರುವುದನ್ನು 'ರೊಮಾನ್ಜಿಗೆ ಹಾಕುವುದು' ಎಂದರು; ಹಾಗೆ ತಂದ ಗ್ರಂಥಕ್ಕೂ ಅದೇ ಹೆಸರು ಅಂಟಿತು. ಇದು ಎರಡನೆಯ ಅರ್ಥ. ವಾಸ್ ಎಂಬ ಕವಿಯು 1155ರಲ್ಲಿ ಮುಗಿಸಿದ ಬ್ರಿಟನ್ನಿನ ರಾಜರ ಕಾವ್ಯಕ್ಕೆ ಈ ಹೆಸರೇ ಇದೆ. ಅವನಿಗೆ ಆಧಾರವಾದುದು ಲ್ಯಾಟಿನ್ನಿನ ಒಂದು ರಾಜಚರಿತ್ರೆ. ಚರಿತ್ರೆಯೆಂದು ನಂಬಿದುದನ್ನು ಜನರ ನುಡಿಯಲ್ಲಿ ಹೇಳಿದ ಗ್ರಂಥವೂ ಒಂದು ಕಾಲದಲ್ಲಿ ರೋಮಾನ್ಸ್ ಎನ್ನಿಸಿಕೊಂಡಿತೆಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು.

ಅದೇ ಶತಮಾನದಲ್ಲಿ ಕ್ರೆತಿಯಾಂ ಎಂಬ ಕವಿಯು ಆರ್ಥರ್ ದೊರೆಯ ವೀರರ ಸಾಹಸಗಳನ್ನು ಹಾಡಿದನು. ಅಲ್ಲಿ ಮಾಯೆಯ ಕಾಡುಗಳು, ಮಂತ್ರದ ಬುಗ್ಗೆಗಳು, ಪ್ರತಿಜ್ಞೆ ತೊಟ್ಟು ಅಲೆಯುವ ವೀರರು, ಅವರು ಆರಾಧಿಸುವ ರಾಣಿಯರು ತುಂಬಿರುವರು. ಇಂತಹ ಕಾವ್ಯಗಳು ಹೆಚ್ಚಿದಂತೆ ರೋಮಾನ್ಸ್ ಎಂದರೆ 'ಅದ್ಭುತವೃತ್ತಾಂತ' ಎಂಬ ಮೂರನೆಯ ಅರ್ಥವು ರೂಢವಾಯಿತು. ಅದ್ಭುತವು ಅತಿಯಾದಾಗ ಅಪಹಾಸ್ಯವೂ ಬರುವುದು ಸಹಜ. 1605ರಲ್ಲಿ ಸರ್ವಾಂಟಿಸನು ಡಾನ್ ಕ್ವಿಕ್ಸೋಟ್ ಎಂಬ ತನ್ನ ಗ್ರಂಥದಲ್ಲಿ ಇಂತಹ ಕಥೆಗಳನ್ನು ಓದಿ ಬುದ್ಧಿಗೆಟ್ಟವನನ್ನೇ ನಾಯಕನನ್ನಾಗಿ ಮಾಡಿದನು. 1785ರಲ್ಲಿ ಕ್ಲಾರಾ ರೀವ್ ಎಂಬ ಆಂಗ್ಲ ಲೇಖಕಿಯು, ನಿಜವಾದ ನಡೆನುಡಿಗಳನ್ನು ಚಿತ್ರಿಸುವುದು 'ನಾವೆಲ್', ಎಂದೂ ನಡೆಯದುದನ್ನು ವರ್ಣಿಸುವುದು 'ರೋಮಾನ್ಸ್' ಎಂದು ಎರಡನ್ನೂ ಬೇರ್ಪಡಿಸಿದಳು. 'ರೋಮಾನ್ಸ್ ಎಂದರೆ ಸುಳ್ಳು' ಎಂಬ ಭಾವನೆಗೆ ಈ ವಿಭಾಗವೂ ಒಂದು ಕಾರಣ. ಈ ವಿಭಾಗವು ಇಂಗ್ಲಿಷಿನದು. ಫ್ರೆಂಚು ಜರ್ಮನ್ ಭಾಷೆಗಳಲ್ಲಿ 'ರೊಮಾನ್' ಎಂಬ ಒಂದೇ ಶಬ್ದವು ಎಲ್ಲ ಬಗೆಯ ದೀರ್ಘ ಗದ್ಯಕಥೆಗೂ ಸಲ್ಲುವುದು. ಸ್ಪೇನಿನಲ್ಲಿ ಅದೇ ಶಬ್ದವು ವೀರರನ್ನು ಕುರಿತು ಜನರು ಹಾಡುವ ಕಥನಗೀತಕ್ಕೆ ಹೆಸರಾಯಿತು. ನಮ್ಮ ಲಾವಣಿಗೆ ಬಹಳ ಹತ್ತಿರವಾದ ಪ್ರಕಾರವದು.

ನಾಲ್ಕನೆಯದು ಪ್ರಣಯಾರ್ಥ. ವೀರಕಥೆಗಳಲ್ಲಿ ಅನುರಾಗವು ಅಂಗವಾಗಿದ್ದುದರಿಂದ ಅಂಗಿಯ ಹೆಸರೇ ಅಂಗಕ್ಕೆ ಬಂದು, ಈಚಿನ ಇಂಗ್ಲಿಷಿನಲ್ಲಿ ರೋಮಾನ್ಸ್ ಎಂದರೆ ಪ್ರಣಯವೆಂದೇ ಸಾಮಾನ್ಯರು ತಿಳಿಯುವಂತಾಯಿತು. ಇವುಗಳ ಹೊರತಾಗಿ, ಜರ್ಮನಿಯಲ್ಲಿ 1798ರಲ್ಲಿ ಶ್ಲೇಗೆಲ್ ಸೋದರರು ಆರಂಭಿಸಿದ ಪತ್ರಿಕೆಯ ಕಾಲದಿಂದ ಈ ಶಬ್ದದ ವಿಶೇಷಣರೂಪವು ಒಂದು ಕಾವ್ಯಪಂಥದ ಹೆಸರಾಯಿತು. ಆ ಪಂಥದ ಇಂಗ್ಲಿಷ್ ಭಾವಗೀತೆಗಳು ಬಿ. ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' ಮೂಲಕ ಕನ್ನಡದ ಹೊಸ ಕಾವ್ಯಕ್ಕೆ ಪ್ರೇರಣೆಯಾದುದು ಉಪಾಧ್ಯಾಯರೆಲ್ಲರಿಗೂ ವಿದಿತವೇ ಆಗಿದೆ. ನಮ್ಮ ವಿಮರ್ಶಕರು ಆ ವಿಶೇಷಣವನ್ನು 'ರಮ್ಯ' ಎಂದು ಕನ್ನಡಿಸಿದರು. ಧ್ವನಿಸಾಮ್ಯವು ಕಿವಿಗೆ ಹಿತವಾಗಿದೆ. ಆದರೆ 'ರಮ್ಯ'ವು ಕ್ರೀಡಾರ್ಥಕವಾದ ರಮ್ ಧಾತುವಿನಿಂದಾದುದು, ಅದು ರೋಮ್ ನಗರದಿಂದಾದುದು. ಈ ಎರಡಕ್ಕೂ ಹುಟ್ಟಿನ ಸಂಬಂಧವಿಲ್ಲ.

3

ಈ ಅರ್ಥಪರಂಪರೆಯು ಪಾಶ್ಚಾತ್ಯರಿಗೆ ಮಾತ್ರ ವಿಶಿಷ್ಟವೆಂದು ತಿಳಿಯಬೇಕಾಗಿಲ್ಲ. ದಂಡಿಯು ಕಾವ್ಯಾದರ್ಶದಲ್ಲಿ ಕಥೆಯನ್ನು ಸಂಸ್ಕೃತದಲ್ಲಿಯೂ ಇತರ ಎಲ್ಲ ಭಾಷೆಗಳಲ್ಲಿಯೂ ರಚಿಸಬಹುದೆಂದು ಹೇಳಿ, ಅದ್ಭುತಾರ್ಥವುಳ್ಳ ಬೃಹತ್ಕಥೆಯು ಭೂತಭಾಷೆಯಲ್ಲಿದೆಯೆಂದು ಉದಾಹರಿಸಿರುವನು. ಪಂಡಿತರ ಭಾಷೆಗಿಂತ ಬೇರೆಯಾದ ನುಡಿ, ಅದರಲ್ಲಿ ಒಂದು ಕಥೆ, ಆ ಕಥೆಯಲ್ಲಿ ಅದ್ಭುತ: ರೋಮಾನ್ಸ್ ಶಬ್ದದ ಮೊದಲ ಮೂರು ಅರ್ಥಗಳೂ ಈ ಒಂದು ಮಾತಿನಲ್ಲಿ ಕೂಡಿವೆ. ಗುಣಾಢ್ಯನು ಸಂಸ್ಕೃತ, ಪ್ರಾಕೃತ, ದೇಶಭಾಷೆಗಳನ್ನು ತೊರೆಯುವ ಪಣಕ್ಕೆ ಸಿಕ್ಕಿ ಪೈಶಾಚಿಯಲ್ಲಿ ಬೃಹತ್ಕಥೆಯನ್ನು ಬರೆದನೆಂದೂ, ಅರಸನು ಅದನ್ನು ಮೊದಲು ಅನಾದರದಿಂದ ಕಂಡನೆಂದೂ ಕಥಾಸರಿತ್ಸಾಗರದಲ್ಲಿ ಬರುವ ವೃತ್ತಾಂತವು ಪ್ರಸಿದ್ಧವಾದುದು. ಜನರ ನುಡಿಯ ಕಥೆಗೆ ಆಸ್ಥಾನದ ಬಾಗಿಲು ಬೇಗನೆ ತೆರೆಯದೆಂಬ ಅನುಭವವೇ ಆ ವೃತ್ತಾಂತದ ತಿರುಳು.

ಕನ್ನಡದ ಮಟ್ಟಿಗೆ ನೋಡಿದರೆ, ಟೂರ್ಸಿನ ಸಭೆ ನಡೆದ ಮರುವರ್ಷ, ಎಂದರೆ 814ರಲ್ಲಿ, ಅಮೋಘವರ್ಷ ನೃಪತುಂಗನು ರಾಷ್ಟ್ರಕೂಟ ಸಿಂಹಾಸನವನ್ನೇರಿದನು. ಅವನ ಆಸ್ಥಾನದಲ್ಲಿ ಸುಮಾರು 850ರಲ್ಲಿ ಹುಟ್ಟಿದ ಕವಿರಾಜಮಾರ್ಗವು ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿ ಗೋದಾವರಿಗಳಿಂದ ಗುರುತಿಸಿ, ಅದರೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ಕನ್ನಡದ ತಿರುಳೆಂದು ಎತ್ತಿಹೇಳಿತು. ಕಿಸುವೊಳಲೆಂದರೆ ಪಟ್ಟದಕಲ್ಲು, ಕೊಪಣವೆಂದರೆ ಇಂದಿನ ಕೊಪ್ಪಳ. ಕೊಪ್ಪಳದಿಂದ ಪಟ್ಟದಕಲ್ಲಿಗೆ ಗೆರೆಯೆಳೆದರೆ ಯಲಬುರ್ಗಾವು ಅದರ ಮಗ್ಗುಲಲ್ಲಿಯೇ ಬೀಳುವುದು. ಮಾರ್ಗಕ್ಕೆ ಎದುರಾಗಿ ದೇಶಿಯ ವಿಚಾರವು ನಮ್ಮಲ್ಲಿ ಅಂದಿನಿಂದಲೂ ನಡೆದುಬಂದಿದೆ. 1112ರಲ್ಲಿ ನಯಸೇನನು ಧರ್ಮಾಮೃತದಲ್ಲಿ ಕನ್ನಡಕ್ಕೆ ಸಲ್ಲದ ಸಂಸ್ಕೃತವನ್ನು ಬೆರಸುವವರನ್ನು ಹಳಿದನು. ಕನ್ನಡದ ಕಥಾಕಾವ್ಯಗಳೆಲ್ಲ ಮೊದಲನೆಯ ಅರ್ಥದಲ್ಲಿ ರೋಮಾನ್ಸುಗಳೇ ಎಂದರೆ ಅತ್ಯುಕ್ತಿಯಾಗದು.

ಇನ್ನು 'ಕಾದಂಬರಿ' ಶಬ್ದವು ನಡೆದ ದಾರಿಯು ಇನ್ನೂ ಸ್ವಾರಸ್ಯವುಳ್ಳದು. ಕೋಶದಲ್ಲಿ ಅದು ಮದ್ಯದ ಹೆಸರು; ಬಾಣಭಟ್ಟನ ಗದ್ಯಕಾವ್ಯದಲ್ಲಿ ಗಂಧರ್ವಕನ್ಯೆಯ ಹೆಸರು; ಆಕೆಯಿಂದ ಗ್ರಂಥದ ಹೆಸರು. ಜನ್ಮಾಂತರಗಳನ್ನು ದಾಟಿ ನಿಲ್ಲುವ ಅನುರಾಗ, ಶಾಪ, ಗಂಧರ್ವಲೋಕ ಇವೆಲ್ಲವುಗಳಿಂದ ಆ ಕಥೆಯು ಮೂರನೆಯ, ನಾಲ್ಕನೆಯ ಅರ್ಥಗಳೆರಡರಲ್ಲಿಯೂ ರೋಮಾನ್ಸ್ ಆಗಿದೆ. ಒಂದನೆಯ ನಾಗವರ್ಮನು ಅದನ್ನು ಚಂಪುವಾಗಿ ಕನ್ನಡಕ್ಕೆ ತಂದನು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷಿನ ನಾವೆಲ್ ನಮ್ಮ ದೇಶಕ್ಕೆ ಬಂದಾಗ ಬಂಗಾಳಿಗಳು ಅದನ್ನು 'ಉಪನ್ಯಾಸ' ಎಂದರು. ಮರಾಠಿಗರೂ ಕನ್ನಡಿಗರೂ 'ಕಾದಂಬರಿ' ಎಂದರು. ಹೀಗಾಗಿ ಗುಲ್ವಾಡಿ ವೆಂಕಟರಾಯರು 1899ರಲ್ಲಿ ಪ್ರಕಟಿಸಿದ 'ಇಂದಿರಾಬಾಯಿ'ಯಂತಹ, ಕಣ್ಣೆದುರಿನ ಸಮಾಜವನ್ನೇ ಚಿತ್ರಿಸುವ ಗ್ರಂಥವೂ ಗಂಧರ್ವಕನ್ಯೆಯ ಹೆಸರನ್ನು ಹೊತ್ತಿತು. ಅದ್ಭುತವೃತ್ತಾಂತದ ಹೆಸರೇ ವಾಸ್ತವವೃತ್ತಾಂತಕ್ಕೂ ಹೆಸರಾಯಿತು. ಶಬ್ದದ ಹುಟ್ಟನ್ನು ಹಿಡಿದು ವಸ್ತುವಿನ ಸ್ವರೂಪವನ್ನು ನಿರ್ಣಯಿಸಲಾಗದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ನಮ್ಮ ಆಲಂಕಾರಿಕರಲ್ಲಿಯೂ ಕೋಶಕಾರರಲ್ಲಿಯೂ ಇನ್ನೊಂದು ವಿಭಾಗವುಂಟು. ಆಖ್ಯಾಯಿಕೆಯು ತಿಳಿದುಬಂದ ಅರ್ಥವುಳ್ಳದು, ಕಥೆಯು ಕಲ್ಪಿತಪ್ರಬಂಧ ಎಂದು ಅಮರಸಿಂಹನ ಮತ. ಬಾಣನ ಹರ್ಷಚರಿತವು ಮೊದಲನೆಯದಕ್ಕೂ, ಕಾದಂಬರಿಯು ಎರಡನೆಯದಕ್ಕೂ ಉದಾಹರಣೆ. ದಂಡಿಯಾದರೋ ಇವೆರಡೂ ಒಂದೇ ಜಾತಿ, ಹೆಸರು ಮಾತ್ರ ಎರಡು ಎಂದನು. ಮುಂದೆ ಕುಮಾರರಾಮನ ಕಥೆಯನ್ನು ಪರಿಶೀಲಿಸುವಾಗ ಅಮರಸಿಂಹನ ಭೇದವೂ ದಂಡಿಯ ಅಭೇದವೂ ಎರಡೂ ಉಪಯೋಗಕ್ಕೆ ಬರುವುವು.

4

ಈಗ ಪ್ರಕೃತಕ್ಕೆ ಬರೋಣ. ಚರಿತ್ರೆಯಿಂದ ದೃಢಪಟ್ಟಿರುವ ಅಂಶಗಳಿವು. ಹದಿನಾಲ್ಕನೆಯ ಶತಮಾನದ ಆದಿಭಾಗದಲ್ಲಿ ತುಂಗಭದ್ರೆಯ ದಡದ ಕಂಪಿಲಿಯೂ ಕುಮ್ಮಟದುರ್ಗವೂ ಕಂಪಿಲರಾಯನ ಅಧೀನದಲ್ಲಿದ್ದುವು. ದಿಲ್ಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ಬಂಧುವೂ ಸಗರದ ಅಧಿಕಾರಿಯೂ ಆಗಿದ್ದ ಬಹಾವುದ್ದೀನ್ ಗುರ್ಶಾಸ್ಪನು ದಂಗೆಯೆದ್ದು, ಸೋತು, ಕಂಪಿಲರಾಯನನ್ನು ಮರೆಹೊಕ್ಕನು. ಸುಲ್ತಾನನ ದಂಡು ಬೆನ್ನಟ್ಟಿ ಬಂದಿತು. ಮೊರಾಕೊದೇಶದ ಯಾತ್ರಿಕನಾದ ಇಬ್ನ್ ಬತೂತನು 1334ರ ಹೊತ್ತಿಗೆ ದಿಲ್ಲಿಗೆ ಬಂದು ಅಲ್ಲಿ ಕೇಳಿದುದನ್ನು ಬರೆದಿಟ್ಟಿರುವನು: ದುರ್ಗದಲ್ಲಿ ಧಾನ್ಯ ತೀರುತ್ತ ಬಂದಾಗ ಅರಸನು ತನ್ನ ಅತಿಥಿಯನ್ನು ಹಗೆಗೊಪ್ಪಿಸದೆ ನೆರೆಯ ಹೊಯ್ಸಳ ಅರಸನ ಬಳಿಗೆ ಸಾಗಿಸಿದನು, ಅಗ್ನಿಕುಂಡವನ್ನು ಹೊತ್ತಿಸಲು ರಾಣಿವಾಸದವರೂ ಪರಿವಾರದ ಸ್ತ್ರೀಯರೂ ಅದನ್ನು ಹೊಕ್ಕರು, ಬಳಿಕ ಅರಸನು ಹೊರಬಿದ್ದು ಕಾದಿ ಮಡಿದನು. ಸೆರೆಸಿಕ್ಕಿ ದಿಲ್ಲಿಗೆ ಒಯ್ಯಲ್ಪಟ್ಟು ಮತಾಂತರಗೊಂಡ ಅವನ ಗಂಡುಮಕ್ಕಳಲ್ಲಿ ಮೂವರನ್ನು ಆ ಯಾತ್ರಿಕನು ತಾನೇ ಕಂಡಿದ್ದನು. ಹೊಯ್ಸಳ ಬಲ್ಲಾಳನು ಗುರ್ಶಾಸ್ಪನನ್ನು ಒಪ್ಪಿಸಿಬಿಟ್ಟನು. ಸುಲ್ತಾನನು ಅವನನ್ನು ಚರ್ಮ ಸುಲಿಸಿ ಕೊಲ್ಲಿಸಿದನು. ಇದು ನಡೆದುದು 1327ರ ಸುಮಾರಿಗೆ. ಬಹಮನಿ ಆಸ್ಥಾನದ ಆಶ್ರಯದಲ್ಲಿ 1350ರಲ್ಲಿ ಇಸಾಮಿಯು ಬರೆದ ಪಾರಸಿ ಕಾವ್ಯದಲ್ಲಿಯೂ ಈ ಯುದ್ಧದ ವರ್ಣನೆಯಿದೆ.

ಕನ್ನಡದಲ್ಲಿ ಇದೇ ವಸ್ತುವನ್ನು ನಂಜುಂಡ ಕವಿ, ಪಾಂಚಾಳ ಗಂಗ, ಮಹಾಲಿಂಗಸ್ವಾಮಿ ಎಂಬವರು ಸಾಂಗತ್ಯದಲ್ಲಿ ಹಾಡಿರುವರು. ನಂಜುಂಡನ ಕಾಲವು ಹದಿನಾರನೆಯ ಶತಮಾನ. ಎಂದರೆ ಘಟನೆಗೂ ಕಾವ್ಯಕ್ಕೂ ನಡುವೆ ಸುಮಾರು ಎರಡು ಶತಮಾನಗಳ ಅಂತರವಿದೆ. ಕಾವ್ಯಗಳ ಕಥಾಸಾರವು ಹೀಗಿದೆ. ಕಂಪಿಲರಾಯನ ಮಗ ರಾಮನಾಥನು ಚೆಂಡಾಡುತ್ತಿರುವಾಗ ಚೆಂಡು ಮಲತಾಯಿಯಾದ ರತ್ನಾಜಿಯ ಅರಮನೆಯಲ್ಲಿ ಬೀಳುವುದು. ಅದನ್ನು ತರಲು ಹೋದ ರಾಮನನ್ನು ಆಕೆ ಮೋಹಿಸುವಳು. ಅವನು ತಾಯಿಯೆಂದು ಕೈಮುಗಿದು ಹಿಂದಿರುಗುವನು. ಭಂಗಪಟ್ಟ ಆಕೆಯು ಅರಸನಲ್ಲಿ ವಿಪರೀತವಾಗಿ ದೂರುವಳು. ಅರಸನು ಮಗನ ತಲೆಯನ್ನು ತರಹೇಳುವನು. ಮಂತ್ರಿ ಬೈಚಪ್ಪನು ರಾಮನನ್ನು ನೆಲಮನೆಯಲ್ಲಿ ಅಡಗಿಸಿ ಬೇರೊಂದು ತಲೆಯನ್ನು ತೋರಿಸುವನು. ರಾಮನು ಸತ್ತನೆಂದು ಕೇಳಿ ಹಗೆಯ ದಂಡು ಮತ್ತೆ ಬರುವುದು. ಆಗ ರಾಮನು ಹೊರಬಂದು ಕಾದುವನು. ಕಡೆಗೆ ದಿಲ್ಲಿಯ ದಂಡಿನೊಡನೆ ಬಂದ ಮಾತಂಗಿಯೆಂಬ ಹೆಂಗಸಿನ ಯುದ್ಧದಲ್ಲಿ ಮಡಿಯುವನು. ದಿಲ್ಲಿಯಿಂದ ಓಡಿಬಂದ ಬಹಾದೂರನಿಗೆ ಮರೆಕೊಟ್ಟ ಪ್ರಸಂಗವೂ ಕಾವ್ಯದಲ್ಲಿ ಬರುವುದು.

5

ಈ ಎರಡು ಸಾಕ್ಷ್ಯಗಳನ್ನೂ ಒಟ್ಟಿಗಿಟ್ಟು ನೋಡಿದರೆ ಮೊದಲು ಹೇಳಿದ ಎರಡು ತಪ್ಪುಗಳೂ ಬಯಲಾಗುವುವು.

ಮೊದಲನೆಯದು, ಇದು ಪ್ರಣಯಕಥೆಯೆಂಬ ತಿಳಿವಳಿಕೆ. ಪ್ರಣಯಕ್ಕೆ ಇಬ್ಬರ ಅನುರಾಗ ಬೇಕು. ಇಲ್ಲಿರುವುದು ಒಬ್ಬಳ ಕಾಮ. ಅದೂ ಮಗನ ಸ್ಥಾನದಲ್ಲಿರುವವನನ್ನು ಕುರಿತುದು. ಉಭಯನಿಷ್ಠವಲ್ಲದ, ಅನುಚಿತವಾದ ರತಿಯನ್ನು ನಮ್ಮ ಆಲಂಕಾರಿಕರು ಶೃಂಗಾರವೆನ್ನದೆ ಶೃಂಗಾರಾಭಾಸವೆನ್ನುವರು. ಕಾವ್ಯದ ಅಂಗಿರಸವು ವೀರ, ಅದರಲ್ಲಿಯೂ ಧರ್ಮವೀರ. ಶೃಂಗಾರಾಭಾಸವು ಆ ವೀರಕ್ಕೆ ಒರೆಗಲ್ಲಾಗಿ ಬಂದಿದೆ. ಕವಿಗಳು ರಾಮನಿಗೆ ಕೊಟ್ಟ 'ಪರದಾರಸೋದರ' ಎಂಬ ಬಿರುದೇ ಇದನ್ನು ಸಾರುವುದು. ಕೆಲವು ಪಾಠಗಳಲ್ಲಿ ದಿಲ್ಲಿಯ ಸುಲ್ತಾನನ ಮಗಳೂ ರಾಮನನ್ನು ಬಯಸಿದಳೆಂದುಂಟು. ಆ ಬಯಕೆಯೂ ಈಡೇರುವುದಿಲ್ಲ. ಶಂಖಚಕ್ರಗಳ ಸಂಯೋಗದಿಂದ ಹರಿಶಬ್ದಕ್ಕೆ ವಿಷ್ಣುವೆಂದು ಅರ್ಥ ನಿಯತವಾಗುವಂತೆ, 'ಪರದಾರಸೋದರ' ಎಂಬ ಬಿರುದಿನ ಸಂಯೋಗದಿಂದ ಈ ಪ್ರಕರಣದಲ್ಲಿ ರೋಮಾನ್ಸ್ ಶಬ್ದದ ಪ್ರಣಯಾರ್ಥವು ಬಾಧಿತವಾಗುವುದು. ಯಾವುದನ್ನು ಒಲ್ಲೆನೆಂದು ನಾಯಕನು ತಲೆಯನ್ನೇ ಒಡ್ಡಿದನೋ ಅದನ್ನೇ ಅವನ ಕಥೆಯ ಹೆಸರನ್ನಾಗಿ ಮಾಡುವುದು ಆ ನಾಯಕನಿಗೆ ನ್ಯಾಯವಲ್ಲ.

ಎರಡನೆಯದು, ಇದು ಬರಿಯ ಕಟ್ಟುಕಥೆಯೆಂಬ ತಿಳಿವಳಿಕೆ. ರತ್ನಾಜಿಯ ಪ್ರಸಂಗವು ದೇಶದೇಶಗಳಲ್ಲಿ ಅಲೆದಾಡಿದ ಕಥಾವಸ್ತುವೆಂಬುದು ನಿಜ. ಅಶೋಕನ ಮಗ ಕುಣಾಲನಿಗೂ ತಿಷ್ಯರಕ್ಷಿತೆಗೂ, ಸಾರಂಗಧರನಿಗೂ ಚಿತ್ರಾಂಗಿಗೂ, ಗ್ರೀಕರ ಹಿಪ್ಪೊಲಿಟಸನಿಗೂ ಫೀಡ್ರಾಳಿಗೂ ಇದೇ ಕಥೆಯನ್ನು ಹೇಳಿರುವರು. ಸುಲ್ತಾನನ ದಂಡು ಬಂದುದಕ್ಕೆ ಆ ಪ್ರಸಂಗವನ್ನು ಕಾರಣವೆಂದು ಚರಿತ್ರಕಾರನು ಒಪ್ಪಲಾರನು. ಇಬ್ನ್ ಬತೂತನಾಗಲಿ ಇಸಾಮಿಯಾಗಲಿ ಹೇಳುವ ಕಾರಣವು ಶರಣಾಗತನ ರಕ್ಷಣೆ. ಆದರೆ ಅದೇ ಕಾರಣವನ್ನು ಸಾಂಗತ್ಯದ ಕವಿಯೂ ಮರೆತಿಲ್ಲವೆಂಬುದನ್ನು ನೋಡಬೇಕು. ಕಾವ್ಯದ ಬಹಾದೂರನೇ ಚರಿತ್ರೆಯ ಬಹಾವುದ್ದೀನನೆಂದು ವಿದ್ವಾಂಸರು ಗುರುತಿಸಿರುವರು. 1929ರಲ್ಲಿ ಎನ್. ವೆಂಕಟರಮಣಯ್ಯನವರು ಕಂಪಿಲಿ ವಿಜಯನಗರಗಳನ್ನು ಕುರಿತು ಪ್ರಕಟಿಸಿದ ಇಂಗ್ಲಿಷ್ ಗ್ರಂಥವು ಈ ಬಗೆಯ ಪರಿಶೀಲನೆಗೆ ದಾರಿಮಾಡಿಕೊಟ್ಟಿತು. ದಿಲ್ಲಿಯಲ್ಲಿ ಕುಳಿತ ಯಾತ್ರಿಕನೂ, ಎರಡು ಶತಮಾನಗಳ ಮೇಲೆ ಕನ್ನಡ ನಾಡಿನಲ್ಲಿ ಹಾಡಿದ ಕವಿಯೂ ಒಬ್ಬರನ್ನೊಬ್ಬರು ಅರಿಯದೆ ಒಂದೇ ಮಾತನ್ನು ಹೇಳುತ್ತಿರುವಾಗ, ಆ ಮಾತನ್ನು ಕಟ್ಟುಕಥೆಯೆಂದು ತಳ್ಳಲಾದೀತೆ?

ಆದುದರಿಂದ ಅಮರಸಿಂಹನ ಭೇದವನ್ನು ಹಿಡಿದರೆ, ಮರೆಹೊಕ್ಕವನಿಗಾಗಿ ರಾಜ್ಯವನ್ನು ತೆತ್ತ ವೃತ್ತಾಂತದ ಮಟ್ಟಿಗೆ ಕುಮಾರರಾಮನ ಚರಿತೆಯು ಆಖ್ಯಾಯಿಕೆ. ಚೆಂಡು, ನೆಲಮನೆ, ಮಾರುತಲೆಗಳ ಮಟ್ಟಿಗೆ ಕಥೆ. ದಂಡಿಯ ಅಭೇದವನ್ನು ಹಿಡಿದರೆ, ಎರಡೂ ಒಂದೇ ಕಾವ್ಯಶರೀರದಲ್ಲಿ ಬೆರೆತಿವೆ. ಅವನ್ನು ಸೀಳಿ ಒಂದನ್ನು ಎಸೆದರೆ ಮತ್ತೊಂದು ಉಸಿರಾಡದು. ಜನರು ಕಲ್ಪಿಸಿದ ಭಾಗಕ್ಕೂ ಒಂದು ಅಭಿಪ್ರಾಯವುಂಟು. ಹೊರಗಿನಿಂದ ಬಂದವನಿಗೆ ಕೊಟ್ಟ ಮಾತನ್ನು ಕಾಯ್ದ ಮನೆತನವೆಂದು ಚರಿತ್ರೆಯು ಹೇಳಿತು. ಮನೆಯೊಳಗಿನ ಮರ್ಯಾದೆಯನ್ನೂ ಪ್ರಾಣಕೊಟ್ಟು ಕಾಯುವವನು ಆ ಮನೆತನದಲ್ಲಿ ಹುಟ್ಟಿದ್ದನೆಂದು ಜನರು ಕಥೆಯನ್ನು ಬೆಳೆಯಿಸಿದರು. ಒಂದೇ ಗುಣವನ್ನು ಒಮ್ಮೆ ಕೋಟೆಯ ಬಾಗಿಲಲ್ಲಿಯೂ ಒಮ್ಮೆ ಅಂತಃಪುರದ ಬಾಗಿಲಲ್ಲಿಯೂ ತೋರಿಸಿದಂತಾಯಿತು.

6

ಇಷ್ಟು ವಿಚಾರದಿಂದ ಫಲಿಸುವುದೇನೆಂದರೆ, ರೋಮಾನ್ಸ್ ಶಬ್ದಕ್ಕೆ ಕನ್ನಡದಲ್ಲಿ ಒಂದೇ ಪ್ರತಿಶಬ್ದವನ್ನು ಹುಡುಕುವುದು ವ್ಯರ್ಥ. ಭಾಷಾಕುಲವನ್ನು ಹೇಳುವಾಗ ಅದನ್ನು ಹಾಗೆಯೇ ಅಂಕಿತನಾಮವಾಗಿ ಉಳಿಸಬೇಕು. ಮಧ್ಯಯುಗದ ಯುರೋಪಿನ ಕಾವ್ಯಗಳಿಗೆ 'ವೀರಾದ್ಭುತಕಥೆ' ಎನ್ನಬಹುದು. ನಾವೆಲ್ಲಿಗೆ ಪ್ರತಿಯಾಗಿ ಹೇಳಿದಾಗ 'ಅದ್ಭುತಕಥೆ' ಸಾಕು. ಕಾವ್ಯಪಂಥಕ್ಕೆ ರೂಢಿಯಲ್ಲಿರುವ 'ರಮ್ಯ' ಶಬ್ದವೇ ಇರಲಿ. ಇಬ್ಬರ ಅನುರಾಗವೇ ಪ್ರಧಾನವಾದಲ್ಲಿ ಮಾತ್ರ 'ಪ್ರಣಯಕಥೆ' ಎನ್ನತಕ್ಕದ್ದು. ಸ್ಪೇನಿನ ಹಾಡುಗಳಿಗೆ 'ಕಥನಗೀತ' ಅಥವಾ 'ಲಾವಣಿ' ಒಪ್ಪುವುದು. ಕುಮಾರರಾಮನ ಸಾಂಗತ್ಯಗಳಿಗೆ ಹೊರಗಿನ ಹೆಸರೇ ಬೇಕಾಗಿಲ್ಲ. 'ಚರಿತೆ' ಎಂಬ ನಮ್ಮ ಹಳೆಯ ಹೆಸರು ನಡೆದುದನ್ನೂ ನಡತೆಯನ್ನೂ ಒಟ್ಟಿಗೆ ಹೇಳುತ್ತಿರುವುದರಿಂದ ಅದೇ ಯುಕ್ತತರವಾದುದು.

ಉಪಾಧ್ಯಾಯರು ತರಗತಿಯಲ್ಲಿ ಈ ಕಾವ್ಯವನ್ನು ಪಾಠಹೇಳುವಾಗ ಇಷ್ಟನ್ನು ನೆನೆದರೆ ಸಾಕು. ಕುಮ್ಮಟದ ಗುಡ್ಡದ ಮೇಲಿನ ಬಿದ್ದ ಗೋಡೆಗಳು, ಗೆದ್ದ ಅರಸನದಲ್ಲ, ಮರೆಹೊಕ್ಕವನನ್ನು ಬಿಟ್ಟುಕೊಡದೆ ಸೋತ ಅರಸನವು. ಆ ಸೋಲನ್ನು ಈ ಸೀಮೆಯ ಜನರು ಹಾಡಾಗಿ ಉಳಿಸಿಕೊಂಡು ಬಂದಿರುವರು. ಅವರು ಉಳಿಸಿದುದಕ್ಕೆ ತಪ್ಪು ಹೆಸರನ್ನಿಟ್ಟು ನಾವು ಕಳೆಯಬಾರದು. ಬಲ್ಲವರು ಈ ವಿಚಾರವನ್ನು ಇನ್ನಷ್ಟು ಶೋಧಿಸಿ ಮುಂದುವರಿಸಬೇಕೆಂದು ಬಿನ್ನಹ.